ಗಾಳಿಗಿಡಕ್ಕೆ ತಾಗಿದ ಬ್ರಷ್

ವಾಚ್ ಮಾಮನನ್ನು ನಾನು ಮೊದಲು ಕಂಡಾಗ ಅವರು ಎಡಗಣ್ಣಿಗೆ ಕಪ್ಪು ಭೂತಗನ್ನಡಿ ಸಿಕ್ಕಿಸಿಕೊಂಡಿದ್ದರು. ಅವರ ಮನೆಯ ಮಹಡಿಯ ಕೋಣೆ ಬಾಡಿಗೆಗಿದೆ ಎಂದು ಕೇಳಿ, ಊರಿನಿಂದ ತಂದ ತಗಡಿನ ಪೆಟ್ಟಿಗೆಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಇಣುಕಿದ್ದೆ. ಮುಂದಿನ ಕೋಣೆಯೇ ಅಂಗಡಿ. ರಿಪೇರಿಗೆ ಬಂದ ಗೋಡೆ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಕಿಟಕಿಯ ಪಕ್ಕದ ಮೇಜಿನಲ್ಲಿ, ಬಿಳಿ ಬಟ್ಟೆಯ ಮೇಲೆ, ಬಿಚ್ಚಿದ ವಾಚಿನ ಬದಲು ಒಂದು ಗಿಡವಿತ್ತು. ಕುಂಡವಿಲ್ಲ, ಮಣ್ಣಿಲ್ಲ. ಮುಷ್ಟಿಗಾತ್ರದ ಆ ಗಿಡದ ಸುರುಳಿ ಎಲೆಗಳನ್ನು ಒಂದೊಂದಾಗಿ ಎತ್ತಿ, ವಾಚಿನ ಹಲ್ಲುಚಕ್ರ ಉಜ್ಜುವ ಸಣ್ಣ ಬ್ರಷ್‌ನಿಂದ ಉಜ್ಜುತ್ತಿದ್ದರು.

"ಕೂತ್ಕೊಳ್ಳಿ. ಅಜ್ಜಿ ಮೈ ಉಜ್ಜಿ ಬಂದೆ," ಎಂದರು.

ಯಾವ ಅಜ್ಜಿ ಎಂದು ಸುತ್ತ ನೋಡಿದೆ.

"ಇವಳೇ! ನಮ್ಮನೆಯವಳು ಇಟ್ಟ ಹೆಸರು. ಮೈಯೆಲ್ಲ ನರೆತ ಹಾಗಿದೆಯಲ್ಲ, ಅದಕ್ಕೆ."

"ಮಣ್ಣಲ್ಲಿ ನೆಡಲ್ವಾ?" ಹೊಲದ ಬದುವಿನಲ್ಲಿ ಬೆಳೆದವನು ನಾನು, ಬಾಯಿ ಸುಮ್ಮನಿರಲಿಲ್ಲ.

"ನೆಟ್ರೆ ಕೊಳೀತಾಳೆ. ಗಾಳೀಲೇ ಬದುಕೋಳು."

ಕೋಣೆ ಸಿಕ್ಕಿತು. ಕೆಲವೇ ದಿನಗಳಲ್ಲಿ ಅವರು ನನಗೆ ಮಾಮ ಆದರು. ಇನ್ನೂ ಮುಖ ನೋಡಿರದ ಅವರ ಹೆಂಡತಿ ಅತ್ತೆಯಾದರು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆದ ಮೇಲೆ ತಂಗಿಯ ಮನೆಯಲ್ಲಿದ್ದರು. ಮೂಳೆ ಕೂಡಿತ್ತು, ಧೈರ್ಯ ಕೂಡಿರಲಿಲ್ಲ. ಎದ್ದು ನಿಲ್ಲು ಎಂದರೆ ಗೋಡೆ ಕಡೆ ಹೊರಳಿ ಮಲಗುತ್ತಿದ್ದರಂತೆ. ಗಿಡದ ಸುದ್ದಿ ಬಂದಾಗ ಮಾತ್ರ ಅವರ ದನಿಗೆ ಜೀವ ಬರುತ್ತಿತ್ತು.

"ಅಜ್ಜಿ ಹೇಗಿದ್ದಾಳ್ರೀ?" ಸಂಜೆಯ ಫೋನಿನಲ್ಲಿ ಮೊದಲ ಮಾತು ಅದೇ.

"ರಾಣಿ ಹಾಗಿದ್ದಾಳೆ. ನಿನಗಿಂತ ಚೊಕ್ಕಟವಾಗಿ ಇಟ್ಟಿದ್ದೀನಿ."

"ಆಹಾಹಾ! ಹಾಗಿದ್ರೆ ಅವಳನ್ನೇ ಕಟ್ಕೊಳ್ಳಿ."

ಮಾಮ ನಗುತ್ತಿದ್ದರು. ಫೋನ್ ಇಟ್ಟ ಮೇಲೆ ಆ ನಗು ಉಳಿಯುತ್ತಿರಲಿಲ್ಲ. ರಾಣಿ ಸೊರಗುತ್ತಿದ್ದಳು. ಎಲೆಗಳು ಒಳಕ್ಕೆ ಮಡಚಿಕೊಂಡು ತುದಿ ಕಂದಾಗಿದ್ದವು. ಬಟ್ಟಲ ನೀರಲ್ಲಿ ಮುಳುಗಿಸಿಟ್ಟರೂ ಆ ಎಲೆಗಳು ಬಿಚ್ಚಿಕೊಳ್ಳಲಿಲ್ಲ. ಮಾಮ ಇನ್ನಷ್ಟು ಮುತುವರ್ಜಿಯಿಂದ ಬ್ರಷ್ ಹಿಡಿದರು.

"ಇವಳು ಹೋದ್ಲು ಅಂತ ಗೊತ್ತಾದ್ರೆ, ಅವಳು ಮಂಚ ಬಿಟ್ಟು ಏಳೋದೇ ಇಲ್ಲ ಕಣಪ್ಪ," ಎಂದರು ಒಂದು ದಿನ.

ನನ್ನ ರಜಾದಿನ ನೋಡಿ ಇಬ್ಬರೂ ನರ್ಸರಿಗೆ ಹೋದೆವು. ಗಿಡ, ಗಡಿಯಾರದ ಖಾಲಿ ಪೆಟ್ಟಿಗೆಯೊಳಗೆ ಹತ್ತಿಯ ಮೇಲೆ ಕೂತಿತ್ತು. ನರ್ಸರಿಯಾಕೆ ತಿರುಗಿಸಿ ನೋಡಿದರು.

"ಟಿಲಾಂಡ್ಸಿಯಾ ಇದು, ಗಾಳಿಗಿಡ. ಆದ್ರೆ ಈ ಜಾತಿಗೆ ಮೈಮೇಲೆ ಬೂದಿ ಬಣ್ಣ ಇರ್ಬೇಕಲ್ಲ? ಎಲ್ಲಿ ಹೋಯ್ತು?"

ತಂತಿಗೆ ತೂಗುಹಾಕಿದ್ದ ಅಂಥದೇ ಗಿಡವೊಂದನ್ನು ತಂದು ಪಕ್ಕದಲ್ಲಿಟ್ಟರು. ಅದು ಬೆಳ್ಳಿಯಂತಿತ್ತು, ನಮ್ಮದು ಬೋಳು ಹಸಿರು. ಮಾಮ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿ ಆ ಬೆಳ್ಳಿ ಗಿಡದ ಮೇಲೆ ಬಗ್ಗಿದರು. ಆಮೇಲೆ ನಮ್ಮ ಗಿಡವನ್ನೂ ಹಾಗೆಯೇ ನೋಡಿದರು.

"ಅದರ ಎಲೆ ಮೇಲೆಲ್ಲ ಮೀನಿನ ಹುರುಪೆ ಇದ್ದ ಹಾಗೆ ಇದೆ," ಎಂದರು ಮೆಲ್ಲಗೆ.

"ಅದರಲ್ಲೇ ಅದು ನೀರು ಕುಡಿಯೋದು. ಬೇರು ಬರೀ ಹಿಡ್ಕೊಳ್ಳೋಕೆ."

"ನಾನು ಧೂಳು ಅಂದ್ಕೊಂಡೆನಮ್ಮಾ."

ಜೀವನವಿಡೀ ಧೂಳಿನ ಮೇಲೆ ಯುದ್ಧ ಮಾಡಿದವರು ಅವರು. ವಾಚಿನೊಳಗೆ ಒಂದು ಕಣ ಉಳಿದರೂ ನಿದ್ದೆ ಬರುತ್ತಿರಲಿಲ್ಲ. ಅದೇ ಕೈ, ಅದೇ ಪ್ರೀತಿ, ಅಜ್ಜಿಯ ಬಾಯನ್ನೇ ಉಜ್ಜಿ ತೆಗೆದಿತ್ತು.

ನರ್ಸರಿಯಾಕೆಗೆ ಪಾಪ ಅನಿಸಿರಬೇಕು. "ಈ ಬೆಳ್ಳಿಯದನ್ನೇ ತಗೊಂಡು ಹೋಗಿ. ನಿಮ್ಮನೆಯವರಿಗೆ ಗೊತ್ತೇ ಆಗಲ್ಲ," ಎಂದರು.

ಮಾಮ ಆ ಗಿಡವನ್ನು ಕೈಗೆತ್ತಿಕೊಂಡರು. ತಗೊಳ್ಳುತ್ತಾರೆ ಎಂದೇ ಭಾವಿಸಿದೆ. ಆಮೇಲೆ ಅದನ್ನು ಜೋಪಾನವಾಗಿ ತಂತಿಗೇ ಸಿಕ್ಕಿಸಿದರು.

"ರಿಪೇರಿಗೆ ಕೊಟ್ಟ ವಾಚಿನೊಳಗೆ ಬೇರೆ ಮೆಷಿನ್ ಹಾಕಿ ಕೊಡೋ ಪದ್ಧತಿ ನನ್ನಲ್ಲಿಲ್ಲ. ಇದು ಉಳಿಯುತ್ತಾ, ಅಷ್ಟು ಹೇಳಿ."

"ನಡುವಿನ ಸುಳಿಗೆ ನಿಮ್ಮ ಬ್ರಷ್ ಮುಟ್ಟಿಲ್ಲ. ಅಲ್ಲಿಂದ ಹೊಸ ಎಲೆ ಬಂದ್ರೆ ಉಳೀತು. ನೀರಿಗೆ ಅದ್ದಿದ ಮೇಲೆ ತಲೆಕೆಳಗಾಗಿಟ್ಟು ಒಣಗಿಸಿ, ಸುಳೀಲಿ ನೀರು ನಿಲ್ಲಬಾರದು. ಬೆಳಕು ಬೇಕು, ಸುಡು ಬಿಸಿಲು ಬೇಡ."

ಮಾಮ ಅಲ್ಲಿಂದ ನೇರವಾಗಿ ನಾದಿನಿಯ ಮನೆಗೆ ನಡೆದರು. ನಾನೂ ಹಿಂದೆ. ಅತ್ತೆಯ ಮಂಚದ ಮೇಲೆ ಪೆಟ್ಟಿಗೆ ಇಟ್ಟು, ಮುಚ್ಚಳ ತೆಗೆದು, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಅತ್ತೆ ಗಿಡವನ್ನು ಅಂಗೈಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಅಜ್ಜಿಗೆ ಕ್ಷೌರ ಮಾಡಿಬಿಟ್ರಾ?"

"ತಪ್ಪಾಯ್ತು ಕಣೇ."

"ರಾಣಿ ಹಾಗಿದ್ದಾಳೆ ಅಂತಿದ್ರಲ್ಲ ದಿನಾ, ಸುಳ್ಳುಬುರುಕ!" ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು. ಆಮೇಲೆ ಬಾಗಿಲ ಕಡೆ ತಿರುಗಿ, "ಲೇ, ಆ ವಾಕರ್ ಇತ್ತ ತಳ್ಳೇ. ಇವರ ಕೈಗೆ ಬಿಟ್ರೆ ನಾಳೆ ಇವಳಿಗೆ ಎಣ್ಣೆನೂ ಹಾಕ್ತಾರೆ," ಎಂದು ತಂಗಿಯನ್ನು ಕೂಗಿದರು.

ಆ ಹೊತ್ತು ಅವರು ನಿಂತದ್ದು ಒಂದು ಗಳಿಗೆ ಮಾತ್ರ. ಮುಖ ಹಿಂಡಿಕೊಂಡು ಮತ್ತೆ ಕೂತರು. ಆದರೆ ಮರುದಿನ ಯಾರೂ ಹೇಳದೆಯೇ ವಾಕರ್ ಕೇಳಿದರಂತೆ. ಮಳೆಗಾಲ ಮುಗಿಯುವ ಮುಂಚೆ ಮನೆಗೆ ಬಂದರು. ಅಷ್ಟರಲ್ಲಿ ಗಿಡದ ಸುಳಿಯಿಂದ ಉಗುರಿನಷ್ಟು ಎಲೆ ಹೊರಟಿತ್ತು, ಬೂದಿ ಬಣ್ಣದ್ದು. ಹೊರಗಿನ ಎಲೆಗಳು ಹಲವು ಒಣಗಿ ಉದುರಿದವು.

ವಾಚ್ ಮಾಮ ಈಗಲೂ ಅದೇ ಕಿಟಕಿಯ ಬಳಿ ಕೂತು ವಾಚ್ ರಿಪೇರಿ ಮಾಡುತ್ತಾರೆ. ವಾರಕ್ಕೊಮ್ಮೆ ಅತ್ತೆ ಕರೆದಾಗ ಎದ್ದು, ಗಿಡವನ್ನು ನೀರಿಗೆ ಅದ್ದಿ, ಕೊಡವಿ, ತಲೆಕೆಳಗಾಗಿ ಒಣಗಲು ಇಡುತ್ತಾರೆ. ಅದು ಮುಗಿಯುವವರೆಗೆ ಅತ್ತೆ ಬ್ರಷ್ ಕಸಿದು ತಮ್ಮ ಕೈಯಲ್ಲೇ ಇಟ್ಟುಕೊಂಡಿರುತ್ತಾರೆ.