ಜೋಳದಲ್ಲಿ ಹೂತ ಹಸಿರು ಸೇಬು

ಹಣ್ಣಿನ ವಿಷಯದಲ್ಲಿ ನಾನು ಸಣ್ಣ ಮನುಷ್ಯ. ಪರರ ಮನೆಯ ಹಣ್ಣು ಸಿಹಿಯಾದರೆ ನನ್ನ ಬಾಯಿ ಕಹಿಯಾಗುತ್ತದೆ. ಆ ಪರರು ಷಡ್ಡಕರಾಗಿದ್ದರಂತೂ ಕೇಳುವುದೇ ಬೇಡ.

ಔರಾದಿನ ಒಂದೇ ಮನೆಯ ಅಕ್ಕ ತಂಗಿಯರನ್ನು ನಾವಿಬ್ಬರು ಮದುವೆಯಾದವರು. ಅಕ್ಕನ ಗಂಡ ಶಿವರಾಜಪ್ಪನವರದು ಬೀದರಿನ ಗಂಜ್ ಪೇಟೆಯಲ್ಲಿ ಧಾನ್ಯದ ದಲಾಲಿ ಮಾಡುವ ಅಡತಿ ಅಂಗಡಿ. ನನ್ನದು ಭಾಲ್ಕಿಯಲ್ಲಿ ಮಾಸ್ತರಿಕೆ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಬೀದರಿಗೆ ಹೊಸದಾಗಿ ಬಂದ ಸಾಹೇಬರೊಬ್ಬರು ಶಿವರಾಜಪ್ಪನವರಿಗೆ ಮುಂಬಯಿಯಿಂದ ತಂದ ಸೇಬು ಕೊಟ್ಟರು. ಅವುಗಳಲ್ಲಿ ಎಂಟು ಬುಟ್ಟಿಯಲ್ಲಿ ಕೂತು ನಮ್ಮ ಮನೆಗೆ ಬಂದವು.

"ನಮ್ಮ ಭಾವನೋರ ಕೈ ಎಷ್ಟ ದೊಡ್ಡದು ನೋಡ್ರಿ," ಎಂದಳು ನನ್ನ ಹೆಂಡತಿ ನೀಲಮ್ಮ.

ನೋಡಿದೆ. ಎಂಟೂ ಎಲೆಹಸಿರು. ನನ್ನ ಹೊಟ್ಟೆ ತಣ್ಣಗಾಯಿತು. "ಇವು ಕಾಯಿ! ಕೆಂಪನ್ನವು ತಾವು ತಿಂದು, ಕಾಯಿ ನಮಗ ಕಳಿಸ್ಯಾರ."

ಒಂದನ್ನು ಕಚ್ಚಿದೆ. ಗಟ್ಟಿ ಸಿಪ್ಪೆ, ಹಲ್ಲು ಜುಮ್ಮೆನ್ನುವ ಹುಳಿ. ಹುಳಿ ತಿಂದು ಅಷ್ಟು ಸಂತೋಷಪಟ್ಟವನು ಇನ್ನೊಬ್ಬನಿರಲಾರ.

ಸೀತಾಫಲವನ್ನು ಧಾನ್ಯದಲ್ಲಿಟ್ಟು ಹಣ್ಣು ಮಾಡುವ ಊರು ನಮ್ಮದು. ಮೇಲಾಗಿ, ಹಿಂದಿನ ವರ್ಷವಷ್ಟೇ ರಜಾಕಾರರ ಲೂಟಿಯ ಭಯಕ್ಕೆ ಮನೆಮನೆಯ ತಾಮ್ರ ಹಿತ್ತಾಳೆಯೆಲ್ಲ ನೆಲದಡಿ ಜೋಳ ತುಂಬಿಡುವ ಹಗೇವಿಗೆ ಇಳಿದಿತ್ತು. ಹೂಳುವುದರಲ್ಲಿ ನಮಗೆ ಕೈ ಪಳಗಿತ್ತು. ಚಿಂತೆಯ ಮನುಷ್ಯನಾದ ನಾನು ಒಡಕು ತಂಬಿಗೆಯನ್ನೂ ಹೂಳದೆ ಬಿಟ್ಟಿರಲಿಲ್ಲ. ಈಗ ಉಳಿದ ಏಳು ಸೇಬನ್ನು ಜೋಳದ ಚೀಲದಲ್ಲಿ ಹೂತೆ. ಬುಟ್ಟಿಯನ್ನು ಬೀದರಿಗೆ ವಾಪಸು ಕಳಿಸುವಾಗ ಒಂದು ಚೀಟಿ ಹಾಕಿದೆ: "ಕಾಯಿ ಮುಟ್ಟಿದವು. ಹಣ್ಣಾದ ಮೇಲೆ ತಿಳಿಸುತ್ತೇನೆ."

ನೀಲಮ್ಮನಿಗೆ ಗೊತ್ತಾದಾಗ ಬುಟ್ಟಿ ಊರು ದಾಟಿತ್ತು. "ಬೀಗರ ಬುಟ್ಟಿ ಖಾಲಿ ಕಳಿಸಿದ್ರ್ಯಾ? ಒಂದ ಹಿಡಿ ತೊಗರಿಬ್ಯಾಳಿ ಹಾಕಲಿಕ್ಕೂ ಕೈ ಬರಲಿಲ್ಲೇನ್ರಿ? ನಮ್ಮಕ್ಕ ನನ್ನ ಜೋಡಿ ಮಾತು ಬಿಟ್ಳಂದ್ರ, ನಾ ನಿಮ್ಮ ಜೋಡಿ ಬಿಡ್ತೇನಿ, ನೋಡ್ರಿ ಮತ್ತ."

ಅಂದಿನಿಂದ ದಿನಾ ಬೆಳಿಗ್ಗೆ ಚೀಲದಲ್ಲಿ ಕೈಯಾಡಿಸುತ್ತಿದ್ದೆ. ಒಂದಾದರೂ ಕೆಂಪಾದರೆ ನನ್ನ ಮಾನ ಉಳಿಯುತ್ತಿತ್ತು. ಎರಡು ವಾರಕ್ಕೆ ಸಿಪ್ಪೆ ಸುಕ್ಕಾಯಿತು, ಕೆಂಪಾಗಲಿಲ್ಲ. ಅಷ್ಟರಲ್ಲಿ ಶಿವರಾಜಪ್ಪನವರೇ ಆ ಬುಟ್ಟಿ ಹಿಡಿದು ಬಾಗಿಲಿಗೆ ಬಂದರು.

"ಏನ್ರಿ ಮಾಸ್ತರ, ಹಣ್ಣಾದ್ವೇನು?"

ನಾನು ಜೋಳದ ಚೀಲಕ್ಕೆ ಅಡ್ಡ ನಿಂತೆ.

"ಅವು ಆಗಂಗಿಲ್ಲರಿ. ಆ ಜಾತೀನ ಹಸಿರು. ಆಸ್ಟ್ರೇಲಿಯಾದಾಗ ಒಬ್ಬಾಕಿ ಮುದುಕಿ ಕೊಳತ ಸೇಬು ಹಿತ್ತಲದಾಗ ಚೆಲ್ಲಿದ್ಳಂತ; ಅಲ್ಲೇ ತಾನ ಹುಟ್ಟಿದ ಗಿಡಂತ. ಭಾಳ ದಿನ ಕೆಡಂಗಿಲ್ಲ, ಬೇಯಿಸಿದ್ರ ಇನ್ನೂ ರುಚಿ ಅಂತ ಸಾಹೇಬರು ಹೇಳ್ಯಾರ. ಹದಿನಾರು ಕೊಟ್ಟಿದ್ರು. ಅರ್ಧ ನಿಮಗ, ಅರ್ಧ ನಮಗ."

ಆ 'ಅರ್ಧ' ಎಂಬ ಮಾತಿಗೆ ನಾನೂ ಸೇಬಿನಷ್ಟೇ ಸುಕ್ಕಾದೆ. ಹಗೇವಿಗಿಳಿಯುವ ಹೊತ್ತು ಬಂದಿದ್ದು ಈಗ, ತಂಬಿಗೆಗಲ್ಲ, ನನಗೆ.

ನೀಲಮ್ಮ ಒಲೆ ಹೊತ್ತಿಸಿದಳು. ಸುಕ್ಕಿದ ಏಳನ್ನೂ ಹೆರೆದು, ಬೆಲ್ಲ ಯಾಲಕ್ಕಿ ಹಾಕಿ, ಮಾವಿನಕಾಯಿಗೆ ಮಾಡುವಂತೆಯೇ ಗಟ್ಟಿ ಪಾಕದ ಗುಳಂಬ ಕುದಿಸಿ, ಬಿಸಿ ಚಪಾತಿಯ ಜೊತೆ ಭಾವನ ಮುಂದಿಟ್ಟಳು. ಅವರು ಮೂರು ಚಪಾತಿ ಮುಗಿಸುವವರೆಗೆ ತಲೆಯೆತ್ತಲಿಲ್ಲ.

"ನಮ್ಮನ್ಯಾಗ ಹುಳಿ ಅಂತ ಎಮ್ಮಿಗೆ ಹಾಕಿದ್ರು," ಎಂದರು ಕೊನೆಗೆ. "ನಿಮ್ಮ ನಸೀಬ ನೋಡ್ರಿ, ಮಾಸ್ತರ."

ಅವರ ಮುಖ ನೋಡಿದೆ. ಆ ಮುಖ ನನಗೆ ಚೆನ್ನಾಗಿ ಗೊತ್ತು. ದಿನಾ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಕಾಣುತ್ತದೆ. ಹೊಟ್ಟೆಕಿಚ್ಚೂ ಅಂದು ನಮ್ಮಿಬ್ಬರಲ್ಲಿ ಅರ್ಧರ್ಧ ಹಂಚಿಕೆಯಾಯಿತು.

ಉಳಿದ ಗುಳಂಬವೆಲ್ಲ ಅಕ್ಕನಿಗೆಂದು ಅದೇ ಬುಟ್ಟಿಯಲ್ಲಿ ಹೋಯಿತು. ನನಗೆ ನೆಕ್ಕಲು ಸೌಟು ಸಿಕ್ಕಿತು. ರುಚಿಯಾಗಿತ್ತು. ಈಗ ನನಗಿರುವುದು ಒಂದೇ ಚಿಂತೆ: ಬೀದರಿನಲ್ಲಿ ಬಂದವರಿಗೆ ಅದನ್ನು ಯಾರ ಕೈಯ ಗುಳಂಬವೆಂದು ಹೇಳಿ ಬಡಿಸಿದರೋ!