ಹಸೆಮಣೆ ಕೇಳಲು ಬಂದ ಅಜ್ಜಿ

ಮಂಡ್ಯದ ನಮ್ಮ ವಸ್ತುಸಂಗ್ರಹಾಲಯ ದೊಡ್ಡದೇನಲ್ಲ. ಹಳೆಯ ಕಟ್ಟಡವೊಂದರ ಕೆಲವು ಕೋಣೆ, ಅಂಗಳದಲ್ಲಿ ಸುತ್ತಲ ಹೊಲಗಳಿಂದ ತಂದ ವೀರಗಲ್ಲುಗಳು, ಒಳಗೆ ಊರೂರಿನ ಮನೆಗಳಿಂದ ಬಂದ ಸಾಮಾನು. ಅದನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದು. ಬೆಲ್ಲ ಕಾಯಿಸುತ್ತಿದ್ದ ಕೊಪ್ಪರಿಗೆಯೊಂದು ಬಾಗಿಲಲ್ಲಿ ಹಿಡಿಸದೆ ಇವತ್ತಿಗೂ ವರಾಂಡದಲ್ಲೇ ಇದೆ. ಶಾಲೆಯ ಮಕ್ಕಳು ಮೊದಲು ಓಡುವುದು ಅದರ ಹತ್ತಿರಕ್ಕೇ.

ಹೋದ ವರ್ಷ ಮದುವೆಗಳ ಕಾಲದಲ್ಲಿ, ಒಂದು ಬೆಳಿಗ್ಗೆ, ಭಾರತೀನಗರದ ಕಡೆಯಿಂದ ಅಜ್ಜಿಯೊಬ್ಬರು ಸೊಸೆಯ ಜೊತೆ ಬಂದರು. ಬೇರೆ ಏನನ್ನೂ ನೋಡದೆ ನೇರವಾಗಿ ಹೋಗಿ ಹಸೆಮಣೆಯ ಮುಂದೆ ನಿಂತರು. ಮದುವೆಯಲ್ಲಿ ಹೆಣ್ಣನ್ನು ಕೂರಿಸುತ್ತಿದ್ದ ಆ ಹಲಸಿನ ಮಣೆ ಅವರ ಮನೆಯದೇ. ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವಾಗ ಅವರ ಯಜಮಾನರು ನಮಗೆ ಕೊಟ್ಟಿದ್ದರು. ಯಜಮಾನರು ಈಗಿಲ್ಲ.

"ಮೊಮ್ಮಗಳ ಮದ್ವೆ ಅದೆ ಕಣವ್ವ," ಎಂದರು ಅಜ್ಜಿ. "ನಮ್ಮನೆ ಎಣ್ಣುಮಕ್ಳೆಲ್ಲ ಇದ್ರ ಮ್ಯಾಲೇ ಕುಂತಿದ್ದು. ಎಲ್ಡು ದಿನಕ್ಕೆ ಕೊಡು, ಚೆನ್ನಾಗಿ ತೊಳ್ದು ತಂದು ಮಡಗ್ತೀವಿ."

ತೊಳೆಯುವ ಮಾತು ಕೇಳಿಯೇ ನನಗೆ ದಿಗಿಲಾಯಿತು. ಮಣೆಯ ಅಂಚಿನ ಹಳೆಯ ಬಣ್ಣ ನೀರು ತಾಗಿದರೆ ಏಳುವಂಥದ್ದು. ಇಲ್ಲಿಗೆ ಬಂದ ವಸ್ತು ಮತ್ತೆ ಹೊರಗೆ ಹೋಗುವಂತಿಲ್ಲ ಎಂದು ಆದಷ್ಟು ಮೆತ್ತಗೆ ಹೇಳಿದೆ. ಅಜ್ಜಿ ವಾದಿಸಲಿಲ್ಲ. ಬೆಂಚಿನ ಮೇಲೆ ಕೂತರು.

"ಅದು ಬರಾಕಿಲ್ಲ ಅಂದ್ರೆ ನಾವೇ ಬತ್ತೀವಿ ಬುಡು."

ನಾನು ನಕ್ಕೆ, ಅವರು ನಗಲಿಲ್ಲ. ನಮ್ಮ ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ. ನಿವೃತ್ತ ಮೇಷ್ಟ್ರು, ನಿಯಮದ ಮನುಷ್ಯ. ನೀರು, ಎಣ್ಣೆ, ಅರಿಶಿನ ಏನೂ ತಾಗಿಸದೆ, ಸುಮ್ಮನೆ ಕೂತು ಏಳುವುದಾದರೆ ಬರಲಿ ಎಂದರು.

ಮದುವೆಯ ಹಿಂದಿನ ದಿನ, ಮಂಡ್ಯದ ಛತ್ರಕ್ಕೆ ಹೊರಟಿದ್ದ ವ್ಯಾನು ಮೊದಲು ನಮ್ಮ ಗೇಟಿನ ಮುಂದೆ ನಿಂತಿತು. ಹೆಂಗಸರೆಲ್ಲ ಇಳಿದರು. ಮದುವಣಗಿತ್ತಿ ಮಳವಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಮ್ಯೂಸಿಯಂ ನೋಡಲು ಬಂದ ಕಾಲೇಜಿನ ಹುಡುಗಿಯರು ಫೋನ್ ಹಿಡಿದು ನಿಂತಿದ್ದರಿಂದ ಆಕೆಗೆ ಮುಜುಗರ. ಅಜ್ಜಿಯ ಸಮಾಧಾನಕ್ಕೆ ಬಂದಿದ್ದೇನೆ, ಬೇಗ ಮುಗಿಸಿಬಿಡೋಣ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಮಣೆಯ ಮೇಲೆ ನಾನು ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಮುದುಡಿಕೊಂಡು ಕೂತಳು.

ಅಜ್ಜಿ ಅವಳ ಪಕ್ಕದಲ್ಲಿ ನೆಲಕ್ಕೇ ಕೂತರು. ಅವರ ಮದುವೆ ಆಗಿದ್ದು ಗಂಡನ ಮನೆಯಲ್ಲೇ, ಇದೇ ಮಣೆಯ ಮೇಲೆ. ಆ ಕಾಲದಲ್ಲಿ ಶಾಸ್ತ್ರಗಳು ರಾತ್ರಿಯೆಲ್ಲ ನಡೆದು, ಧಾರೆ ಆಗುವಾಗ ಬೆಳಗಿನ ಜಾವವಂತೆ.

"ನಾನು ಇಲ್ಲೇ ಕುಂತು ತೂಕಡಿಸ್ಬುಟ್ಟೆ ಕಣ್ಮಗ. ಬಿದ್ದೋಯ್ತೀನಿ ಅಂತ ನಿಮ್ಮ ತಾತ ಯಾರ್ಗೂ ಕಾಣ್ದಂಗೆ ಬೆನ್ನಿಗೆ ಕೈ ಕೊಟ್ಟು ಕುಂತಿದ್ರು."

ಮನೆಯವರು ಮುಖ ಮುಖ ನೋಡಿಕೊಂಡರು. ಗದರಿಕೆಯಿಲ್ಲದೆ ಒಂದು ಮಾತೂ ಆಡದ ಯಜಮಾನರನ್ನಷ್ಟೇ ಅವರೆಲ್ಲ ಕಂಡಿದ್ದರು. ಮೊಮ್ಮಗಳು ಜೋರಾಗಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಮಣೆಗೆ ಹಾಸಿದ ಬಟ್ಟೆ ತೆಗೆಯಬಹುದೇ ಎಂದು ಕೇಳಿದಳು. ತೆಗೆದೆ. ಈ ಸಲ ಕಾಲು ಮಡಚಿ, ಬರಿಯ ಮರದ ಮೇಲೆ ನೆಮ್ಮದಿಯಾಗಿ ಕೂತಳು.

ಅವಳ ಸೋದರತ್ತೆಯೊಬ್ಬರು ಹಸೆಗೆ ಕರೆಯುವ ಹಾಡು ಶುರು ಮಾಡಿದರು. ಕಾರ್ಯದರ್ಶಿಗಳು ಹಾಡಿನ ವಿಷಯ ಏನೂ ಹೇಳಿರಲಿಲ್ಲವಾದ್ದರಿಂದ ನಾನು ತಡೆಯಲಿಲ್ಲ. ಕಾಲೇಜಿನ ಹುಡುಗಿಯರು ಫೋನ್ ಕೆಳಗಿಳಿಸಿ ಗೋಡೆಗೆ ಒರಗಿ ಕೇಳುತ್ತಿದ್ದರು. ಹಾಡು ಮುಗಿದರೂ ಯಾರಿಗೂ ಏಳುವ ಅವಸರವಿರಲಿಲ್ಲ.

ಮರುದಿನ ಛತ್ರದಲ್ಲಿ ನಮಗೂ ಊಟ. ಮಣೆಗೆ ಎಣ್ಣೆ ತಾಗಬಾರದೆಂದಿದ್ದ ಕಾರ್ಯದರ್ಶಿಗಳು ನನ್ನ ಪಕ್ಕದ ಎಲೆಗೆ ಕೂತು, ಬಡಿಸುವವನನ್ನು ತಡೆದು ನಿಲ್ಲಿಸಿ, ಹೋಳಿಗೆಗೆ ಇನ್ನೊಂದಿಷ್ಟು ತುಪ್ಪ ಹಾಕಿಸಿಕೊಂಡರು.