ಮೊದಲ ಗೇರಿನ ಕುಳ್ಳಯ್ಯ

ಗಂಜಾಂನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಿಮಿಷಾಂಬ ದೇವಸ್ಥಾನದ ಬಳಿ ವಾಹನ ನಿಲ್ಲುವ ಜಾಗದಲ್ಲಿ, ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳದ ಬಿಳಿ ಕಾರೊಂದು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿದೆ. ಪೂಜೆ ಮುಗಿದಿದೆ. ಇನ್ನು ನಿಂಬೆಹಣ್ಣಿನ ಮೇಲೆ ಹತ್ತಿಸುವುದೊಂದೇ ಬಾಕಿ. ಪಂಚೆ ಎತ್ತಿ ಕಟ್ಟಿದ ವಯಸ್ಸಾದ ವ್ಯಕ್ತಿಯೊಬ್ಬರು ಬಾಗಿಲು ತೆಗೆದು ಒಳಗೆ ಬಗ್ಗುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆಯುತ್ತಾರೆ, ಗೇರಿನ ಕಡ್ಡಿಯನ್ನು ಅತ್ತಿತ್ತ ಅಲುಗಾಡಿಸುತ್ತಾರೆ, ಕೀ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಅವರು ನಿಂಬೆಹಣ್ಣು ಹಿಡಿದು ಚಕ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು ಇಷ್ಟೆಲ್ಲ ಆದ ಮೇಲೆಯೇ.

ನಾಲ್ಕೂ ಚಕ್ರಕ್ಕೆ ಹಣ್ಣಿಟ್ಟು, ಸುತ್ತ ಇದ್ದವರನ್ನು ದೂರ ಸರಿಸಿ, ಅವರೇ ಸೀಟಿಗೆ ಹತ್ತುತ್ತಾರೆ. ಪಚಕ್ಕೆಂದು ಸದ್ದಾಗುತ್ತದೆ. ಕಾರು ನಾಲ್ಕು ಮಾರು ಮುಂದೆ ಹೋಗಿ ನಿಲ್ಲುತ್ತದೆ. ಇಳಿದು ಕೀಯನ್ನು ಮಾಲೀಕರ ಅಂಗೈಗೆ ಹಾಕಿ, ಅವರು ಕೊಟ್ಟಷ್ಟನ್ನು ಜೇಬಿಗಿಟ್ಟು ಮುಂದಿನ ಕಾರಿನ ಕಡೆ ನಡೆಯುತ್ತಾರೆ. ಹೆಸರು ಕುಳ್ಳಯ್ಯ. ಆಳು ಮಾತ್ರ ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಉದ್ದ.

ಪೂಜೆಗೆ ಬಂದ ಕಾರನ್ನು ಮಾಲೀಕರೇ ಓಡಿಸಬಾರದೇ ಎಂದು ನೀವು ಕೇಳಬಹುದು. ನಮ್ಮ ಕಡೆ ಕಾರು ಮೊದಲು, ಡ್ರೈವಿಂಗ್ ಆಮೇಲೆ. ಷೋರೂಮಿನವರೋ ಭಾವಮೈದುನನೋ ಇಲ್ಲಿಯವರೆಗೆ ತಂದು ನಿಲ್ಲಿಸಿರುತ್ತಾರೆ. ಮಾಲೀಕರು ಬಿಳಿ ಅಂಗಿ ತೊಟ್ಟು ಸ್ಟೇರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಕಾಲ ಕೆಳಗೆ ಮೂರು ಪೆಡಲುಗಳಿರುತ್ತವೆ. ಯಾವುದು ಯಾವುದಕ್ಕೆ ಎಂಬುದು ಆ ಗಳಿಗೆಯಲ್ಲಿ ದೇವರಿಗೂ ಕುಳ್ಳಯ್ಯನವರಿಗೂ ಮಾತ್ರ ಗೊತ್ತು.

ಹಾಗಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಎಷ್ಟೋ ಕಾರುಗಳನ್ನು ಮನೆಯವರಿಗಿಂತ ಮೊದಲು ಓಡಿಸಿದವರು ಇವರು. ಒಂದನ್ನೂ ಎರಡನೇ ಗೇರಿಗೆ ಹಾಕಿದವರಲ್ಲ. "ಎರಡನೇದು ಆಕೋ ಅಷ್ಟರಲ್ಲಿ ಕಾರು ಅವರದಾಗಿರ್ತದೆ ಸಾ," ಎಂದು ನಗುತ್ತಾರೆ. ಭಾನುವಾರ ಬೆಳಗಿನಿಂದ ಮಧ್ಯಾಹ್ನದೊಳಗೆ ಮೂವತ್ತು ಕಾರು ಬಂದರೂ ಬಂದವು. ಮಂಗಳವಾರ ಮೂರು ಬಂದರೆ ಹೆಚ್ಚು.

ಕುಳ್ಳಯ್ಯನವರಿಗೆ ಕಾರಿನ ಹುಚ್ಚಿದೆ, ಅದನ್ನವರು ಮುಚ್ಚಿಡುವುದೂ ಇಲ್ಲ. ಬಾಗಿಲು ಹಾಕಿದ ಸದ್ದು ಕೇಳಿಯೇ ಮುಖ ಅರಳುತ್ತದೆ, ಇಲ್ಲವೇ ಸೊಟ್ಟಗಾಗುತ್ತದೆ. ಕೆ.ಆರ್. ಪೇಟೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ತಂದೆಯ ಕಾಲದ ಅಂಬಾಸಿಡರನ್ನು ಆಯುಧಪೂಜೆಯ ಮಾರನೆಯ ದಿನ ತಪ್ಪದೇ ತರುತ್ತಾರೆ. ಅದರ ಕ್ಲಚ್ ತುಳಿಯುವುದೆಂದರೆ ಇವರಿಗೆ ಹಬ್ಬ. "ಅದು ನಾಟಿ ಎತ್ತು ಇದ್ದಂಗೆ. ಗದರ್ಸಿದ್ರೆ ಏಳಾಕಿಲ್ಲ, ಬೆನ್ನು ಸವರಿ ಎಬ್ಬುಸ್ಬೇಕು," ಎನ್ನುತ್ತಾರೆ. ಒಮ್ಮೆ ಮೈಸೂರಿನಿಂದ ಹುಡುಗರ ಗುಂಪೊಂದು ಹಳೆಯ ಕಾರನ್ನು ಕತ್ತರಿಸಿ ತಗ್ಗಿಸಿ, ಬಾನೆಟ್ಟೇ ಇಲ್ಲದಂತೆ ಮಾಡಿ ತಂದಿತ್ತು. ಅದನ್ನು ಹಾಟ್ ರಾಡ್ ಎನ್ನುತ್ತಾರೆಂದು ಹುಡುಗರು ವಿವರಿಸಿದರು. "ಎಂಜಿನ್ನು ಬರೀಮೈಲಿ ಕುಂತೈತೆ. ಇದ್ಕೆ ಅಂಗಿ ಒಲ್ಸಿಲ್ವಾ ಅಂದೆ. ಆದ್ರೆ ಆ ಸದ್ದು ಐತಲ್ಲಾ ಸಾ... ಮೂರ್ ದಿನ ಎದೇಲೇ ಇತ್ತು." ಇಷ್ಟಾದರೂ ಯಾವ ಕಾರು ಇಷ್ಟ ಎಂದರೆ ಅವರು ಬೆರಳು ತೋರಿಸುವುದು ಮೂಲೆಯಲ್ಲಿ ನಿಂತ ಮಾಸಲು ಮಾರುತಿಯ ಕಡೆಗೆ. "ಕರೆದಾಗ ಬತ್ತದೆ, ಕೇಳಿದ್ದು ಕೊಡ್ತದೆ. ಮನೇಗೆ ಇನ್ನೇನ್ ಬೇಕು?"

ಹುಟ್ಟಿದ್ದು ಪಾಂಡವಪುರ ತಾಲ್ಲೂಕಿನ ಹಳ್ಳಿ. ಗೇರು ಕಲಿತದ್ದು ಕಬ್ಬಿನ ಟ್ರಾಕ್ಟರಿನ ಮೇಲೆ. ಇಲ್ಲಿಗೆ ಬರುವ ಹಾಗಾದದ್ದು ಹೇಗೆ ಎಂದು ಕೇಳಿದರೆ ಕಣ್ಣು ಹೂವಿನ ಬುಟ್ಟಿಯ ಮುಂದೆ ಕುಳಿತ ಹೆಂಡತಿ ಮಾರಮ್ಮನ ಕಡೆ ಹೋಗುತ್ತದೆ.

ಹೇಳುವುದು ಮಾರಮ್ಮನೇ. ಅವರ ತಮ್ಮ ದಾಸಯ್ಯ ಹದಿನೈದು ವರ್ಷದ ಹಿಂದೆ ಕಾರು ಕೊಂಡು, ಊರಿನ ಮನೆಯ ಮುಂದೆಯೇ ಪೂಜೆ ಇಟ್ಟುಕೊಂಡಿದ್ದ. ಮಾರಮ್ಮ ಮುಂದಿನ ಚಕ್ರಕ್ಕೆ ನಿಂಬೆಹಣ್ಣು ಒತ್ತಿ ಇಡುತ್ತಿದ್ದರು. ಕಾರು ಉರುಳದಿರಲೆಂದು ಯಾರೋ ಗೇರಿನಲ್ಲಿ ನಿಲ್ಲಿಸಿ ಹೋಗಿದ್ದರು. ಫೋಟೊ ತೆಗೆಯುವವನು "ಕಾರಿನ ಲೈಟ್ ಹಾಕು ಕಣ್ಲಾ ದಾಸ" ಎಂದ. ದಾಸಯ್ಯ ಕೀ ತಿರುಗಿಸಿದ. ಕಾರು ಒಂದೇ ಒಂದು ಸಲ ಮುಂದಕ್ಕೆ ನೆಗೆದು ನಿಂತಿತು. ಅಂದಿನಿಂದ ಮಾರಮ್ಮನ ಬಲಗೈಯ ಎರಡು ಬೆರಳು ಮಡಚುವುದಿಲ್ಲ.

ಅವರು ಹೂ ಕಟ್ಟಿ ಜೀವನ ಮಾಡುತ್ತಿದ್ದವರು. ಈಗ ಬೇರೆಯವರು ಕಟ್ಟಿದ್ದನ್ನು ಮಾರುತ್ತಾರೆ. "ನಾನ್ ಕಟ್ಟುದ್ ಮೊಗ್ಗು ಸಂಜೆ ಗಂಟ ಅಲ್ಲಾಡ್ತಿರ್ಲಿಲ್ಲ ಕಣಪ್ಪ," ಎನ್ನುವಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯುತ್ತದೆ. ಮರುಕ್ಷಣವೇ ಗಂಡನನ್ನು ತೋರಿಸಿ, "ನನ್ ಬೆರಳು ಓದ್ರೆ ಓಯ್ತು, ಈವಯ್ಯಂಗೆ ಒಂದ್ ಕೆಲ್ಸ ಸಿಕ್ತು ಬುಡಿ," ಎಂದು ಕಿಚಾಯಿಸುತ್ತಾರೆ. ಗಂಡ ನಗುವುದಿಲ್ಲ. ಅಂದು ಕುಳ್ಳಯ್ಯ ಹತ್ತು ಹೆಜ್ಜೆ ದೂರದಲ್ಲಿ ಕರ್ಪೂರ ಹಚ್ಚುತ್ತಿದ್ದರು. ಆಮೇಲೆ ಅವರೆದುರು, ಕಾರು ಕದಲದಂತೆ ಮಾಡದೆ ಯಾರೂ ಚಕ್ರದ ಕೆಳಗೆ ಕೈ ಇಟ್ಟಿಲ್ಲ, ಇಡುವುದಕ್ಕೆ ಅವರು ಬಿಟ್ಟಿಲ್ಲ.

ಕೀ ಇರುವ ತನಕ ಇದೆಲ್ಲ ಸಲೀಸಾಗಿತ್ತು. ಈಗ ಕೀ ಹಾಕದ, ಕ್ಲಚ್ ಇಲ್ಲದ, ಸದ್ದೇ ಮಾಡದ ಬ್ಯಾಟರಿ ಕಾರುಗಳು ಬರುತ್ತಿವೆ. ಅವನ್ನು ಓಡಿಸಲು ಕುಳ್ಳಯ್ಯನವರಿಗೆ ಬರುವುದಿಲ್ಲ, ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತದೆ. "ಓಡ್ತಾ ಐತೋ ನಿಂತೈತೋ ತಿಳಿಯಾಕಿಲ್ಲ. ನಾಯಿ ಆದ್ರೆ ಗುರ್ ಅಂತದೆ, ಇದು ಅದೂ ಅನ್ನಾಕಿಲ್ಲ." ಹಾಗಾಗಿ ಮಾಲೀಕರೇ ಸೀಟಿನಲ್ಲಿ ಇರುತ್ತಾರೆ, ಹಣ್ಣು ಇಡುವ ಕೈ ಚಕ್ರದ ಕೆಳಗಿರುತ್ತದೆ. ಅದಕ್ಕಾಗಿ ಜಾಲಿಮರದ ಎರಡು ತುಂಡು ಕೆತ್ತಿಸಿ, ಕರು ಕಟ್ಟುವ ಹಗ್ಗ ಬಿಗಿದಿದ್ದಾರೆ. ಚಕ್ರದ ಮುಂದೆ ಒಳಬದಿಗೆ ತುಂಡು ಅಡ್ಡ ಕೊಟ್ಟು, ಹೊರಬದಿಗೆ ಹಣ್ಣಿಟ್ಟು, ದೂರ ನಿಂತು ಹಗ್ಗ ಎಳೆದುಕೊಳ್ಳುತ್ತಾರೆ.

ಬಿಸಿಲು ಏರುವ ಹೊತ್ತಿಗೆ ಅಂಥದ್ದೇ ಒಂದು ನೀಲಿ ಕಾರು ಬರುತ್ತದೆ. ನಾಗಮಂಗಲದ ರವೀಂದ್ರ ಸೀಟಿನಲ್ಲೇ ಕುಳಿತಿದ್ದಾರೆ. ಹೆಂಡತಿ ಪ್ರಿಯಾಂಕ ಎದುರಿಗೆ ಫೋನ್ ಹಿಡಿದಿದ್ದಾರೆ. ನಿಂಬೆಹಣ್ಣು ರವೀಂದ್ರ ಅವರ ತಾಯಿ ಮಂಚಮ್ಮನ ಕೈಯಲ್ಲಿದೆ. ಮಗನ ಕಾರಿಗೆ ತಾನೇ ಇಡುತ್ತೇನೆಂದು ಹರಕೆ ಹೊತ್ತಿದ್ದಾರಂತೆ.

"ಇಡಿ ಅವ್ವಾ, ಬ್ಯಾಡ ಅನ್ನಾಕಿಲ್ಲ. ಮೊದ್ಲು ಇದು," ಎಂದು ಕುಳ್ಳಯ್ಯ ಮರದ ಎರಡೂ ತುಂಡುಗಳನ್ನು ಮುಂದಿನ ಚಕ್ರಗಳಿಗೆ ಅಡ್ಡ ಕೊಡುತ್ತಾರೆ.

ರವೀಂದ್ರ ಕಿಟಕಿಯಿಂದ ತಲೆ ಹಾಕುತ್ತಾರೆ. "ತೆಗೀರಿ ಅದ್ನ. ಹೊಸಾ ಕಾರಿಗೆ ಮೊದ್ಲ ದಿನ್ವೇ ಅಡ್ಡ ಕೊಡ್ತೀರಲ್ರೀ, ಅಪಶಕುನ."

"ನಿಂಬೆಹಣ್ಣೂ ಅಡ್ಡವೇ ಅಲ್ವಾ ಸಾಮಿ?"

"ನಿಮ್ಗೆ ದುಡ್ಡು ತಾನೆ ಬೇಕು? ತಕಳಿ, ಆ ಕಡೆ ನಿಂತ್ಕಳಿ."

ಕುಳ್ಳಯ್ಯ ದುಡ್ಡು ಮುಟ್ಟುವುದಿಲ್ಲ, ಚಕ್ರದ ಮುಂದಿನಿಂದ ಏಳುವುದೂ ಇಲ್ಲ. ಹಿಂದಿನ ಕಾರುಗಳವರು ಹಾರನ್ ಶುರು ಮಾಡುತ್ತಾರೆ. ಯಾರೋ "ದೊಡ್ಡೋರ್ ಜೊತೆ ಏನ್ ಕ್ಯಾತೆ ತೆಗೀತೀಯಾ ಯಜಮಾನ" ಎಂದು ಗದರುತ್ತಾರೆ. ನಾಳೆಯಿಂದ ಇಲ್ಲಿ ನಿಲ್ಲದ ಹಾಗೆ ಮಾಡಿಸುತ್ತೇನೆ ಎಂದೂ ರವೀಂದ್ರ ಕುಳ್ಳಯ್ಯನವರಿಗೆ ಹೇಳುತ್ತಾರೆ. ಹಾಗೆ ಮಾಡಿಸಬಲ್ಲವರಂತೆಯೇ ಕಾಣುತ್ತಾರೆ. ಸಿಟ್ಟಿನಲ್ಲಿ ಅವರ ಕಾಲು ಯಾವ ಪೆಡಲಿನ ಮೇಲಿದೆಯೋ ನನಗೆ ಕಾಣುತ್ತಿಲ್ಲ. ಮಂಚಮ್ಮ ಆಗಲೇ ಬಗ್ಗತೊಡಗಿದ್ದಾರೆ. ನನಗೆ ನಿಜವಾಗಿಯೂ ಭಯವಾಗುತ್ತದೆ. ಕುಳ್ಳಯ್ಯ ಆಕೆಯ ಕೈಗೆ ತಮ್ಮ ಕೈಯನ್ನೇ ಅಡ್ಡ ಹಿಡಿದು, "ಬ್ಯಾಡ ನನ್ನವ್ವ, ಬ್ಯಾಡ," ಎನ್ನುತ್ತಾರೆ.

ಅಷ್ಟರಲ್ಲಿ ಮಾರಮ್ಮ ಕುಂಕುಮದ ತಟ್ಟೆ ಹಿಡಿದು ಬರುತ್ತಾರೆ. ತಟ್ಟೆಯನ್ನು ಮಂಚಮ್ಮನ ಮುಂದೆ ಚಾಚುತ್ತಾರೆ, ಅಷ್ಟೆ. ಮಂಚಮ್ಮ ತಟ್ಟೆ ಹಿಡಿದ ಕೈಯನ್ನೇ ನೋಡುತ್ತಾರೆ.

"ಏನವ್ವ ಇದು?"

"ಇಂಗೇ ಒಂದ್ ಪೂಜೇಲಿ."

ಮಂಚಮ್ಮ ಸೆರಗು ಸಿಕ್ಕಿಸಿ, ಕುಂಕುಮ ತೆಗೆದು, ಎರಡೂ ಮರದ ತುಂಡುಗಳಿಗೆ ಒಂದೊಂದು ಬೊಟ್ಟು ಇಡುತ್ತಾರೆ. ಕೈ ಮುಗಿಯುತ್ತಾರೆ. "ಈಗ ಇದ್ಕೂ ಪೂಜೆ ಆಯ್ತು. ಇನ್ನೇನ್ಲಾ ಅಪಶಕುನ? ಸುಮ್ಕೆ ಕುಂತ್ಕೊ," ಎಂದು ಮಗನಿಗೆ ಹೇಳಿ, ಒಂದೊಂದೇ ಹಣ್ಣನ್ನು ನಿಧಾನವಾಗಿ ಚಕ್ರದ ಕೆಳಗೆ ಒತ್ತುತ್ತಾರೆ. ಕುಳ್ಳಯ್ಯ ಆಕೆಯನ್ನು ತೋಳು ಹಿಡಿದು ದೂರ ಕರೆತಂದು, ಹಗ್ಗ ಎಳೆದುಕೊಂಡು, ಕೈ ಬೀಸುತ್ತಾರೆ. ಕಾರು ಸದ್ದಿಲ್ಲದೆ ಹಣ್ಣುಗಳ ಮೇಲೆ ಹಾದು ಹೋಗುತ್ತದೆ.

ರವೀಂದ್ರ ಅವರ ಸಿಟ್ಟು ಇಳಿದಿಲ್ಲ. ಹೊರಡುವ ಮುಂಚೆ ಗಾಜು ಇಳಿಸಿ, ಎಲ್ಲರಿಗೂ ಕೇಳುವಂತೆ ಕೂಗುತ್ತಾರೆ: "ಏನಾಯ್ತ್ರೀ ಈಗ? ಏನೂ ಆಗ್ಲಿಲ್ವಲ್ಲ! ಸುಮ್ನೆ ಅರ್ಧ ಗಂಟೆ ಹಾಳು!"

ಹಿಂದಿನ ಸೀಟಿನಿಂದ ಮಂಚಮ್ಮ ಕೈಯೆತ್ತುತ್ತಾರೆ. ಕಾರು ತಿರುವು ದಾಟುವ ತನಕ ಕುಳ್ಳಯ್ಯ ಆ ಕೈಯನ್ನು ನೋಡುತ್ತಾ ನಿಂತಿರುತ್ತಾರೆ. ಬೇಜಾರಾಯಿತೇ ಎಂದು ಕೇಳುತ್ತೇನೆ.

"ಬೇಜಾರ್ ಯಾಕೆ ಸಾ? ಏನೂ ಆಗ್ಲಿಲ್ಲ ಅಂತ ಬೈಕಂಡ್ ಓದ್ರಲ್ಲಾ, ಅಂಗೆ ಬೈಸ್ಕಳಾಕೇ ನಾನಿಲ್ಲಿ ನಿಂತಿರಾದು."